ಯಾವ ಕಲೆ ಮೇಲು? ಗಾಮಾ ಪೈಲ್ವಾನರಿಂದ ಖಬೀಬ್‌ವರೆಗೆ ಒಂದು ಅವಲೋಕನ

ಕಳೆದ ವರ್ಷ ನಮ್ಮ ವಿದ್ಯಾರ್ಥಿ ನಿಲಯದ ಊಟದ ಹಾಲಿನಲ್ಲಿ ಒಂದು ಸಣ್ಣ ಗಲಾಟೆ ನಡೆಯಿತು. ಪಿ.ಯು.ಸಿ. ಓದುವ ಹುಡುಗನೊಬ್ಬ ಐದು ವರ್ಷದಿಂದ ಕರಾಟೆ ಕಲಿಯುತ್ತಿರುವವನು, ಬ್ರೌನ್ ಬೆಲ್ಟ್ ಪಡೆದವನು. ಇನ್ನೊಬ್ಬ ಧಾರವಾಡ ಕಡೆಯ ಹಳ್ಳಿಯವನು. ಅವನ ತಂದೆ, ಚಿಕ್ಕಪ್ಪಂದಿರೆಲ್ಲ ಜಾತ್ರೆ, ಉರೂಸುಗಳಲ್ಲಿ ಕುಸ್ತಿ ಹಿಡಿದವರು. ನಿಜವಾದ ಹೊಡೆದಾಟದಲ್ಲಿ ಯಾವ ಕಲೆ ಮೇಲು ಎಂದು ಮಾತಿಗೆ ಮಾತು ಬೆಳೆದು ಕರಾಟೆ ಹುಡುಗ ಒದೆಯಲು ಕಾಲೆತ್ತಿದ. ಮತ್ತೊಬ್ಬ ಆ ಕಾಲನ್ನೇ ಹಿಡಿದು ಅವನನ್ನು ತಟ್ಟೆ ಲೋಟಗಳ ನಡುವೆ ಮಲಗಿಸಿಬಿಟ್ಟ. ಸದ್ಯ, ಯಾರಿಗೂ ಪೆಟ್ಟಾಗಲಿಲ್ಲ. ಇಬ್ಬರನ್ನೂ ಕರೆಸಿ ವಿಚಾರಿಸಿದಾಗ ಬಿದ್ದವನು ಹೇಳಿದ: "ಸಾರ್, ಕಾಲು ಹಿಡಿಯುವ ಹಾಗಿಲ್ಲ ಸಾರ್. ಅದು ರೂಲ್ಸಿನಲ್ಲೇ ಇಲ್ಲ." ಇನ್ನೊಬ್ಬ ತಲೆ ತಗ್ಗಿಸಿಕೊಂಡೇ ಹೇಳಿದ: "ಜಗಳದಾಗ ಎಂಥಾ ರೂಲ್ಸು ಬಿಡ್ರಿ ಸರ."

ನಾನು ಇತಿಹಾಸದ ಮೇಷ್ಟ್ರು. ಹೊಡೆದಾಟದ ವಿಷಯ ನನ್ನ ಪಾಠಕ್ಕೆ ಸೇರಿದ್ದಲ್ಲ. ಆದರೂ ಆ ಇಬ್ಬರು ಹುಡುಗರ ಎರಡು ಮಾತುಗಳಲ್ಲಿ ನೂರು ವರ್ಷಕ್ಕೂ ಹೆಚ್ಚಿನ ಒಂದು ಚರ್ಚೆ ಅಡಗಿದೆ ಎಂದು ನನಗೆ ಆಗಲೇ ಅನ್ನಿಸಿತು. ಕುಸ್ತಿಯವನಿಗೂ ಬಾಕ್ಸಿಂಗಿನವನಿಗೂ ಬಿದ್ದರೆ ಯಾರು ಗೆಲ್ಲುತ್ತಾರೆ? ಜೂಡೋ ದೊಡ್ಡದೋ ಕರಾಟೆ ದೊಡ್ಡದೋ? ಈ ಪ್ರಶ್ನೆಯನ್ನು ಮಾತಿನಲ್ಲಿ ಕೇಳಿದವರು ಲಕ್ಷಾಂತರ ಮಂದಿ. ತಮ್ಮ ಮೂಳೆ, ಮಾನ, ಮನೆತನದ ಹೆಸರು ಪಣವಿಟ್ಟು ಕೇಳಿದವರು ಕೆಲವರೇ. ಅವರಲ್ಲಿ ಒಂದು ಮನೆತನದವರು ನಮ್ಮ ಈ ಉಪಖಂಡದವರೇ. ಆ ಕಥೆಯಿಂದಲೇ ಆರಂಭಿಸುತ್ತೇನೆ.

ಗುಲಾಮ್ ಮುಹಮ್ಮದ್ ಎಂಬ ಹೆಸರು ಹೇಳಿದರೆ ಇಂದಿನ ಹುಡುಗರಿಗೆ ಗೊತ್ತಾಗಲಿಕ್ಕಿಲ್ಲ. ಗಾಮಾ ಪೈಲ್ವಾನ್ ಎಂದರೆ ಅವರ ಅಜ್ಜಂದಿರಿಗಾದರೂ ಗೊತ್ತು. 1878ರಲ್ಲಿ ಹುಟ್ಟಿದ ಗಾಮಾ ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು ಅಜ್ಜ ಮತ್ತು ಮಾವನ ಆಶ್ರಯದಲ್ಲಿ ಬೆಳೆದರು. 1888ರಲ್ಲಿ ಜೋಧಪುರದ ಮಹಾರಾಜರು ಏರ್ಪಡಿಸಿದ್ದ ಬಸ್ಕಿ ಹೊಡೆಯುವ ಸ್ಪರ್ಧೆಯಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಮಂದಿ ಪೈಲ್ವಾನರ ನಡುವೆ ಆ ಹತ್ತು ವರ್ಷದ ಬಾಲಕ ಕೊನೆಯ ಹದಿನೈದರಲ್ಲಿ ಉಳಿದುಕೊಂಡ ಕಥೆ ಪ್ರಸಿದ್ಧವಾಗಿದೆ. ಮುಂದೆ ದತಿಯಾ ಸಂಸ್ಥಾನದ ಆಶ್ರಯ ದೊರೆಯಿತು. ಅವರು ದಿನವೂ ಸಾವಿರಗಟ್ಟಲೆ ದಂಡ, ಬಸ್ಕಿ ಹೊಡೆಯುತ್ತಿದ್ದರು ಎನ್ನುತ್ತಾರೆ. ಆ ಲೆಕ್ಕಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಅವರು ಪ್ರತಿದಿನ ಅಖಾಡದಲ್ಲಿ ಸರದಿಯ ಮೇಲೆ ನಲವತ್ತು ಮಂದಿಯವರೆಗೆ ಜೊತೆಗಾರರೊಂದಿಗೆ ಹಿಡಿಯುತ್ತಿದ್ದರಂತೆ. ಗಾಳಿಯಲ್ಲಿ ಕೈ ಬೀಸಿ ಕಲಿತದ್ದಲ್ಲ ಅದು. ಎದುರು ನಿಂತು ಬಲ ಹಾಕುವ, ಬೀಳಲು ಒಪ್ಪದ ಮನುಷ್ಯರ ಮೇಲೆ ಕಲಿತದ್ದು.

1910ರಲ್ಲಿ ಗಾಮಾ ತಮ್ಮ ಸಹೋದರ ಇಮಾಮ್ ಬಖ್ಷ್ ಮತ್ತಿತರ ಪೈಲ್ವಾನರೊಂದಿಗೆ ಲಂಡನ್ ತಲುಪಿದರು. ಖರ್ಚು ವಹಿಸಿಕೊಂಡವರು ಬಂಗಾಳದ ಶ್ರೀಮಂತ ಶರತ್ ಕುಮಾರ್ ಮಿತ್ರ ಅವರು. ಆಗ ಭಾರತ ಬ್ರಿಟಿಷರ ಕೈಯಲ್ಲಿತ್ತು. ಭಾರತೀಯನ ದೇಹ ದುರ್ಬಲ, ಆಳಿಸಿಕೊಳ್ಳಲೆಂದೇ ಹುಟ್ಟಿದ್ದು ಎಂಬ ಮಾತು ಆಳುವವರ ಪುಸ್ತಕಗಳಲ್ಲೇ ಅಚ್ಚಾಗಿತ್ತು. ಐದೂ ಮುಕ್ಕಾಲು ಅಡಿಯನ್ನೂ ಮುಟ್ಟದ ಗಾಮಾ ಅವರನ್ನು ನೋಡಿ ಲಂಡನ್ನಿನ ವ್ಯವಸ್ಥಾಪಕರು ಪಂದ್ಯಾವಳಿಗೆ ಸೇರಿಸಿಕೊಳ್ಳಲಿಲ್ಲ. ಆಗ ಗಾಮಾ ಕಡೆಯವರು ಬಹಿರಂಗ ಸವಾಲು ಹಾಕಿದರು: ಯಾವ ತೂಕದವರಾದರೂ ಸರಿ, ಮೂವರನ್ನು ಅರ್ಧ ಗಂಟೆಯಲ್ಲಿ ಕೆಡವುತ್ತೇವೆ. ಮೊದಮೊದಲು ಜನ ನಕ್ಕರು. ಆಗಸ್ಟ್ ತಿಂಗಳಲ್ಲಿ ಅಮೆರಿಕದ ಹೆಸರಾಂತ ಕುಸ್ತಿಪಟು, ವೃತ್ತಿಯಲ್ಲಿ ವೈದ್ಯರೂ ಆಗಿದ್ದ ಬೆಂಜಮಿನ್ ರೋಲರ್ ಅವರನ್ನು ಗಾಮಾ ಕಾಲು ಗಂಟೆಯೊಳಗೆ ಎರಡು ಬಾರಿ ಚಿತ್ ಮಾಡಿದ ಮೇಲೆ ನಗು ನಿಂತಿತು. ಇಮಾಮ್ ಬಖ್ಷ್ ಸ್ವಿಟ್ಜರ್ಲೆಂಡಿನ ಜಾನ್ ಲೆಮ್ ಅವರನ್ನು ಸೋಲಿಸಿದರು.

ಆಮೇಲೆ ಬಂದದ್ದು ಸೆಪ್ಟೆಂಬರ್ 10. ಎದುರಾಳಿ ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ, ಜಗತ್ತಿನ ಅಗ್ರಗಣ್ಯರಲ್ಲಿ ಒಬ್ಬರು, ಗಾಮಾರಿಗಿಂತ ಬಹಳ ಭಾರ. ಪಂದ್ಯ ಆರಂಭವಾದ ಸ್ವಲ್ಪ ಹೊತ್ತಿನಲ್ಲೇ ಗಾಮಾ ಅವರನ್ನು ಚಾಪೆಗೆ ಕೆಡವಿದರು. ಬಿದ್ದ ಜಿಬಿಸ್ಕೊ ಮೇಲೇಳಲಿಲ್ಲ. ಹೊಟ್ಟೆ ಅಡಿಯಾಗಿ, ಕೈಕಾಲು ಊರಿ ಮೊಸಳೆಯಂತೆ ಅಂಟಿಕೊಂಡು ಕುಳಿತುಬಿಟ್ಟರು. ನಿಯಮದ ಪ್ರಕಾರ ಎರಡೂ ಭುಜಗಳು ಚಾಪೆಗೆ ತಾಗಿದರೆ ಮಾತ್ರ ಸೋಲು. ಗಾಮಾ ಎಳೆದರು, ಎತ್ತಿದರು, ಉರುಳಿಸಲು ನೋಡಿದರು. ಹೀಗೆ ಎರಡು ಗಂಟೆ ಮೂವತ್ತೈದು ನಿಮಿಷ ಕಳೆಯಿತು! ಕತ್ತಲಾಗುವ ಹೊತ್ತಿಗೆ ಪಂದ್ಯ ಸಮ ಎಂದು ಸಾರಲಾಯಿತು. ಸೆಪ್ಟೆಂಬರ್ 17ಕ್ಕೆ ಮತ್ತೆ ಪಂದ್ಯ ಗೊತ್ತಾಯಿತು. ಅಂದು ಜಿಬಿಸ್ಕೊ ಬರಲೇ ಇಲ್ಲ. "ಜಾನ್ ಬುಲ್" ಪಟ್ಟ ಗಾಮಾರಿಗೆ ಸಂದಿತು.

ಜಿಬಿಸ್ಕೊ ಹೇಡಿಯೇ? ನಮ್ಮವರು ಹಾಗೆಯೇ ಹೇಳುತ್ತಾ ಬಂದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವರು ನಿಯಮ ಚೆನ್ನಾಗಿ ಓದಿಕೊಂಡಿದ್ದ ಮನುಷ್ಯ, ಅಷ್ಟೇ. ಭುಜ ತಾಗದಿದ್ದರೆ ಸೋಲಿಲ್ಲ. ಕುತ್ತಿಗೆ ಒತ್ತುವಂತಿಲ್ಲ, ಹೊಡೆಯುವಂತಿಲ್ಲ. ಅಂದಮೇಲೆ ಕವುಚಿ ಮಲಗುವುದೇ ಕೋಟೆ. ಅದೇ ಭಂಗಿಯಲ್ಲಿ ಬೀದಿ ಜಗಳದಲ್ಲಿ ಐದು ನಿಮಿಷ ಮಲಗಿದ್ದರೆ ಗತಿ ಏನಾಗುತ್ತಿತ್ತೆಂದು ವಿವರಿಸಬೇಕಾಗಿಲ್ಲ. ಹದಿನೇಳು ವರ್ಷಗಳ ನಂತರ, 1928ರ ಜನವರಿಯಲ್ಲಿ, ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರು ಇಬ್ಬರನ್ನೂ ಮತ್ತೆ ಎದುರುಬದುರು ನಿಲ್ಲಿಸಿದರು. ಈ ಸಲ ಲಂಡನ್ನಿನ ಚಾಪೆ ಇಲ್ಲ. ನಮ್ಮ ಮೆತ್ತನೆಯ ಅಖಾಡದ ಮಣ್ಣು. ಇಬ್ಬರಿಗೂ ಐವತ್ತರ ಅಂಚಿನ ವಯಸ್ಸು. ಒಂದು ನಿಮಿಷ ಪೂರ್ತಿಯಾಗುವುದರೊಳಗೆ ಜಿಬಿಸ್ಕೊ ಅಂಗಾತ ಬಿದ್ದಿದ್ದರು. ಮನುಷ್ಯರು ಅವರೇ, ಕಲೆಗಳು ಅವೇ. ಒಂದು ಕಡೆ ಎರಡೂವರೆ ಗಂಟೆಯಲ್ಲಿ ಮುಗಿಯದ್ದು ಇನ್ನೊಂದು ಕಡೆ ಅರೆಗಳಿಗೆಯಲ್ಲಿ ಮುಗಿಯಿತು. ಬದಲಾದದ್ದು ನೆಲ ಮತ್ತು ಕಟ್ಟಲೆ. ಯಾವ ಕಲೆ ಮೇಲು ಎಂದು ಕೇಳುವವರು ಮೊದಲು ಗಮನಿಸಬೇಕಾದದ್ದು ಇದನ್ನೇ.

ಈಗ ಜಪಾನಿನ ಕಡೆ ಹೋಗೋಣ. ಗಾಮಾ ಇನ್ನೂ ಮಗುವಾಗಿದ್ದಾಗಲೇ ಅಲ್ಲಿ ಒಬ್ಬ ಶಿಕ್ಷಣತಜ್ಞರು ಈ ಪ್ರಶ್ನೆಗೆ ಬೇರೆ ದಾರಿಯಿಂದ ಉತ್ತರ ಹುಡುಕುತ್ತಿದ್ದರು. ಅವರೇ ಜಿಗೊರೊ ಕಾನೊ. ವಿಶ್ವವಿದ್ಯಾಲಯದಲ್ಲಿ ಓದಿದವರು, ಮುಂದೆ ಅಧ್ಯಾಪಕರ ಕಾಲೇಜಿನ ಮುಖ್ಯಸ್ಥರಾದವರು. ಜಪಾನಿನ ಹಳೆಯ ಜುಜುತ್ಸು ಗುರುಕುಲಗಳಲ್ಲಿ ಕಣ್ಣು ತಿವಿಯುವ, ಕೀಲು ಮುರಿಯುವ, ಮರ್ಮಕ್ಕೆ ಹೊಡೆಯುವ ಪಟ್ಟುಗಳು ಬೇಕಾದಷ್ಟಿದ್ದವು. ಆದರೆ ಅಂಥ ಪಟ್ಟನ್ನು ಜೊತೆಗಾರನ ಮೇಲೆ ನಿಜವಾಗಿ ಪ್ರಯೋಗಿಸಲಾದೀತೇ? ಆದ್ದರಿಂದ ಅವುಗಳನ್ನು ಹೆಚ್ಚಾಗಿ ನಾಟಕದ ಹಾಗೆ, ಒಬ್ಬ ಹೊಡೆದಂತೆ ಮಾಡಿ ಇನ್ನೊಬ್ಬ ಬಿದ್ದಂತೆ ಮಾಡಿ, ಅಭ್ಯಾಸ ಮಾಡುತ್ತಿದ್ದರು. 1882ರಲ್ಲಿ ಟೋಕಿಯೊದ ಒಂದು ದೇವಾಲಯದ ಕೊಠಡಿಯಲ್ಲಿ ಕೊಡೊಕಾನ್ ಎಂಬ ತಮ್ಮ ಶಾಲೆಯನ್ನು ತೆರೆದ ಕಾನೊ ಅವರು ಅಪಾಯದ ಪಟ್ಟುಗಳನ್ನು ದಿನದ ಸೆಣಸಾಟದಿಂದ ಹೊರಗಿಟ್ಟರು. ಎಸೆತ, ಅದುಮುವಿಕೆ, ಕುತ್ತಿಗೆ ಒತ್ತು, ಮೊಣಕೈ ಬೀಗ ಇಂಥವನ್ನು ಉಳಿಸಿಕೊಂಡರು. ಉಳಿದದ್ದನ್ನು ಪೂರ್ಣ ಬಲದಿಂದ, ಎದುರಾಳಿ ನಿಜವಾಗಿ ವಿರೋಧಿಸುತ್ತಿರುವಾಗ ಪ್ರಯೋಗಿಸಿ ಎಂದರು. ಇದಕ್ಕೆ ಅವರಲ್ಲಿ ರಂದೋರಿ ಎನ್ನುತ್ತಾರೆ. ಜೂಡೋ ಹುಟ್ಟಿದ್ದು ಹೀಗೆ.

ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ಪ್ರಾಣ ತೆಗೆಯುವ ಪಟ್ಟುಗಳನ್ನು ಬಿಟ್ಟುಕೊಟ್ಟ ಕಲೆ ಅವುಗಳನ್ನು ಇಟ್ಟುಕೊಂಡ ಕಲೆಗಿಂತ ಬಲವಾಯಿತು! ದಿನಕ್ಕೆ ಇಪ್ಪತ್ತು ಸಲ ನಿಜವಾಗಿ ಎಸೆದವನಿಗೂ, ಹತ್ತು ವರ್ಷ ಕಣ್ಣು ತಿವಿಯುವುದನ್ನು ಗಾಳಿಯಲ್ಲಿ ಅಭ್ಯಾಸ ಮಾಡಿದವನಿಗೂ ಇರುವ ಅಂತರ ಅದು. ನಮ್ಮ ಅಖಾಡಗಳಿಗೆ ಈ ಗುಟ್ಟು ಮೊದಲೇ ಗೊತ್ತಿತ್ತು. ಉತ್ತರ ಕರ್ನಾಟಕದಲ್ಲಿ ಗರಡಿ ಅಭ್ಯಾಸಕ್ಕೆ ತಾಲೀಮು ಎನ್ನುತ್ತಾರೆ. ಉರ್ದು ಬಲ್ಲ ನಮ್ಮ ಸದಸ್ಯರಿಗೆ ಹೇಳಬೇಕಾಗಿಲ್ಲ, ಶಾಲೆಯ ಶಿಕ್ಷಣಕ್ಕೂ ಅದೇ ತಾಲೀಮ್ ಎಂಬ ಪದ. ನಮ್ಮ ನಾನಾ ಎಳೆಯ ವಯಸ್ಸಿನಲ್ಲಿ ಗರಡಿಗೆ ಹೋಗುತ್ತಿದ್ದವರು, "ಮದರಸಾದಲ್ಲೊಂದು ತಾಲೀಮು, ಮಣ್ಣಿನಲ್ಲೊಂದು ತಾಲೀಮು" ಎಂದು ನಗೆಯಾಡುತ್ತಿದ್ದರು.

ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಮೈಸೂರಿನಲ್ಲೇ ಇದೆ. ವಿಜಯದಶಮಿಯ ದಿನ ಅರಮನೆಯ ಆವರಣದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ಕೆಲವರಾದರೂ ನೋಡಿರಬಹುದು. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ಮೊನಚಾದ ಆಯುಧ ಧರಿಸಿ ಇಳಿಯುತ್ತಾರೆ. ತಲೆಯಲ್ಲಿ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. ಬಹಳ ಸಲ ಒಂದು ನಿಮಿಷವೂ ಆಗುವುದಿಲ್ಲ. ಇದು ಹಳೆಯ ಪದ್ಧತಿ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ನ್ಯೂನಿಜ್ ಮಹಾನವಮಿಯ ವರ್ಣನೆಯಲ್ಲಿ, ಕೈಯಲ್ಲಿ ಮೊನೆಯುಳ್ಳ ಬಳೆಗಳನ್ನು ಹಿಡಿದು ಪರಸ್ಪರ ಗಾಯಗೊಳಿಸುವ ಜಟ್ಟಿಗಳ ಬಗ್ಗೆ ಬರೆದಿದ್ದಾನೆ. ಆಯುಧವೇ ಅಷ್ಟು ಘೋರವಾಗಿರುವಾಗ ದಿನವೂ ನಿಜವಾಗಿ ಹೊಡೆದಾಡಿ ಕಲಿಯುವುದು ಯಾರಿಂದಲೂ ಸಾಧ್ಯವಿಲ್ಲ. ಈ ಜಟ್ಟಿಗಳ ದೇಹಬಲವನ್ನು ಕಾಪಾಡಿದ್ದು ಗರಡಿಯ ಕುಸ್ತಿ. ವಜ್ರಮುಷ್ಟಿ ವರ್ಷಕ್ಕೊಮ್ಮೆಯ ವಿಧಿಯಾಗಿ ಉಳಿಯಿತು. ಅದನ್ನು ಕೀಳೆಂದು ಹೇಳುತ್ತಿಲ್ಲ. ಅತಿ ಅಪಾಯಕಾರಿಯಾದದ್ದು ಅಭ್ಯಾಸಕ್ಕೆ ಒಗ್ಗುವುದಿಲ್ಲ ಎಂಬುದಕ್ಕೆ ಹತ್ತಿರದ ಸಾಕ್ಷಿ ಅದು.

ಕಾನೊ ಅವರ ಶಿಷ್ಯರಲ್ಲಿ ಮಿತ್ಸುಯೊ ಮಾಯೆದಾ ಎಂಬವರು ಅಮೆರಿಕ, ಯುರೋಪುಗಳನ್ನು ಸುತ್ತಿ, ಸಿಕ್ಕ ಸಿಕ್ಕ ಕಡೆ ಪಂದ್ಯವಾಡಿ, 1914ರಲ್ಲಿ ಬ್ರೆಜಿಲ್ ತಲುಪಿ ಅಲ್ಲೇ ನೆಲೆಸಿದರು. ಅವರಿಂದ ಗ್ರೇಸಿ ಮನೆತನದವರು ಕಲಿತರು, ನೆಲದ ಮೇಲಿನ ಪಟ್ಟುಗಳನ್ನು ತಮ್ಮದೇ ರೀತಿಯಲ್ಲಿ ಬೆಳೆಸಿದರು. 1951ರ ಅಕ್ಟೋಬರ್ 23ರಂದು ರಿಯೊ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಜಪಾನಿನ ಜೂಡೋ ದಿಗ್ಗಜ ಮಸಾಹಿಕೊ ಕಿಮುರಾ ಮತ್ತು ಎಲಿಯೊ ಗ್ರೇಸಿ ಎದುರಾದರು. ಎರಡನೆಯ ಸುತ್ತಿನಲ್ಲಿ ಕಿಮುರಾ ಎಲಿಯೊರ ತೋಳನ್ನು ಹಿಂದಕ್ಕೆ ತಿರುಚಿ ಬೀಗ ಹಾಕಿದರು. ಎಲಿಯೊ ಸೋಲೊಪ್ಪಲಿಲ್ಲ. ಮೂಳೆ ಮುರಿಯಿತು. ಆಗಲೂ ಒಪ್ಪಲಿಲ್ಲ. ಕೊನೆಗೆ ಅವರ ಅಣ್ಣ ಕಾರ್ಲೋಸ್ ಟವೆಲ್ ಎಸೆದು ಪಂದ್ಯ ನಿಲ್ಲಿಸಿದರು. ಗೆದ್ದವರ ಗೌರವಾರ್ಥ ಸೋತ ಮನೆತನದವರೇ ಆ ಬೀಗಕ್ಕೆ ಕಿಮುರಾ ಎಂದು ಹೆಸರಿಟ್ಟರು. ಈ ತೋಳಿನ ಬೀಗವನ್ನು ಓದುಗರು ನೆನಪಿನಲ್ಲಿಡಬೇಕು. ಇನ್ನೊಂದು ತೋಳಿಗೆ ಅದು ಮತ್ತೆ ಬರಲಿದೆ.

1976ನೇ ಇಸವಿ. ಜಪಾನಿನ ವೃತ್ತಿ ಕುಸ್ತಿಪಟು ಆಂಟೋನಿಯೊ ಇನೋಕಿ ಅವರಿಗೆ ತಮ್ಮ ಕಲೆಯೇ ಎಲ್ಲಕ್ಕಿಂತ ಬಲವಾದದ್ದು ಎಂದು ತೋರಿಸುವ ಹಟ. ಅದಕ್ಕೆ ಅವರು ಆರಿಸಿದ್ದು ಯಾರನ್ನು? ಜಗತ್ತೇ ಬಲ್ಲ ಮುಹಮ್ಮದ್ ಅಲಿ ಅವರನ್ನು! ಜೂನ್ 26ರಂದು ಟೋಕಿಯೊದ ಬುಡೊಕಾನ್ ಭವನದಲ್ಲಿ ಹದಿನೈದು ಸುತ್ತುಗಳ ಪಂದ್ಯ. ಗಂಟೆ ಬಾರಿಸಿದೊಡನೆ ಇನೋಕಿ ಓಡಿ ಬಂದು ನೆಲಕ್ಕೆ ಜಾರಿದರು. ಆಮೇಲೆ ಹೆಚ್ಚಿನ ಹೊತ್ತು ಅಂಗಾತ ಮಲಗಿ ಅಲಿ ಅವರ ಮೊಣಕಾಲು, ತೊಡೆಗಳಿಗೆ ಒದೆಯುತ್ತಲೇ ಇದ್ದರು. ಮಲಗಿದವನಿಗೆ ಹೊಡೆಯುವುದನ್ನು ಅಲಿ ಕಲಿತವರಲ್ಲ. ನಿಂತವನ ಮುಷ್ಟಿಗೆ ಸಿಗುವುದು ಇನೋಕಿಗೆ ಬೇಕಿರಲಿಲ್ಲ. ಹದಿನೈದು ಸುತ್ತುಗಳಲ್ಲಿ ಅಲಿ ಬೀಸಿದ ಗುದ್ದುಗಳು ಬೆರಳೆಣಿಕೆಯಷ್ಟು. ಎಸೆತ, ಒದೆತಗಳ ಮೇಲೆ ಮೊದಲೇ ಬಿಗಿ ನಿರ್ಬಂಧ ಹೇರಲಾಗಿತ್ತು ಎಂದು ಇನೋಕಿ ಕಡೆಯವರು ದೂರಿದರು. ಫಲಿತಾಂಶ ಸಮ. ಹಣ ಕೊಟ್ಟು ಬಂದಿದ್ದ ಪ್ರೇಕ್ಷಕರು ಸಿಟ್ಟಿಗೆದ್ದು ಕೈಗೆ ಸಿಕ್ಕಿದ್ದನ್ನು ಎಸೆದರು. ಅಂದು ಅದನ್ನು ಎಲ್ಲರೂ ಪ್ರಹಸನ ಎಂದರು. ಆದರೆ ಅಲಿ ಅವರ ಕಾಲುಗಳು ಪ್ರಹಸನವಾಗಿರಲಿಲ್ಲ. ರಕ್ತ ಹೆಪ್ಪುಗಟ್ಟಿ ಅವರು ಆಸ್ಪತ್ರೆ ಸೇರಬೇಕಾಯಿತು. ಅರವತ್ತಾರು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಜಿಬಿಸ್ಕೊ ಕವುಚಿ ಮಲಗಿದ್ದರು, ಟೋಕಿಯೊದಲ್ಲಿ ಇನೋಕಿ ಅಂಗಾತ ಮಲಗಿದರು. ಎರಡು ಕಡೆಯೂ ಪ್ರಶ್ನೆಗೆ ಉತ್ತರ ಸಿಗದ ಹಾಗೆ ನೋಡಿಕೊಂಡದ್ದು ನಿಯಮಗಳೇ.

ಅದೇ ವರ್ಷ ಡಿಸೆಂಬರಿನಲ್ಲಿ ಇನೋಕಿ ಕರಾಚಿಗೆ ಬಂದರು. ಈ ಭಾಗವನ್ನು ಬರೆಯುವಾಗ ನನಗೆ ಮನಸ್ಸು ಸ್ವಲ್ಪ ಭಾರವಾಗುತ್ತದೆ. ದೇಶ ವಿಭಜನೆಯಾದಾಗ ಗಾಮಾ ಲಾಹೋರಿನಲ್ಲಿ ನೆಲೆಸಿದರು. ಪೈಲ್ವಾನರಿಗೆ ಹಾಲು, ತುಪ್ಪ, ಬಾದಾಮಿ ಒದಗಿಸುತ್ತಿದ್ದ ರಾಜರು, ನವಾಬರು ಹೋದರು. ಅವರೊಂದಿಗೆ ಆಶ್ರಯವೂ ಹೋಯಿತು. ಗಾಮಾ 1960ರಲ್ಲಿ ತೀರಿಕೊಂಡರು. ಮನೆತನದ ಹೆಸರನ್ನು ಇಮಾಮ್ ಬಖ್ಷ್ ಅವರ ಮಕ್ಕಳು ಹೊತ್ತುಕೊಂಡರು. ಭೋಲು, ಅಸ್ಲಂ, ಅಕ್ರಂ, ಗೋಗಾ ಮುಂತಾಗಿ ಆ ಸಹೋದರರು ಪಾಕಿಸ್ತಾನದಲ್ಲಿ ಮನೆಮಾತು. ಇನೋಕಿಯ ಸವಾಲಿಗೆ ನಿಂತವರು ಅಕ್ರಂ ಪೈಲ್ವಾನ್. ಅವರಿಗೆ ವಯಸ್ಸು ನಲವತ್ತು ದಾಟಿತ್ತು. ಇನೋಕಿಗೆ ಮೂವತ್ತಮೂರು.

1976ರ ಡಿಸೆಂಬರ್ 12ರಂದು ಕರಾಚಿಯ ನ್ಯಾಷನಲ್ ಸ್ಟೇಡಿಯಂ ತುಂಬಿತ್ತು. ನೋಡಲು ಬಂದವರಿಗೆ ಅದು ಕೇವಲ ಆಟವಲ್ಲ, ಗಾಮಾ ವಂಶದ ಮರ್ಯಾದೆ. ಅಕ್ರಂ ಅವರು ಬೆಳೆದದ್ದು ಅಂಗಾತ ಬಿದ್ದರೆ ಕುಸ್ತಿ ಮುಗಿಯಿತು ಎನ್ನುವ ಲೋಕದಲ್ಲಿ. ಬಿದ್ದ ಮೇಲೆ ತೋಳು ಹಿಡಿದು ತಿರುಚುವವನು ಇರುತ್ತಾನೆಂಬುದು ಆ ತಾಲೀಮಿನ ಭಾಗವಲ್ಲ. ಇನೋಕಿ ಬೆಳೆದದ್ದು ಅಲ್ಲಿಂದಲೇ ಕುಸ್ತಿ ಆರಂಭ ಎನ್ನುವ ಲೋಕದಲ್ಲಿ. ಮೂರನೆಯ ಸುತ್ತಿನಲ್ಲಿ ಇನೋಕಿ ನೆಲದ ಮೇಲೆ ಅಕ್ರಂರ ತೋಳಿಗೆ ಅದೇ ಬೀಗವನ್ನು, ಮರಕಾನಾದಲ್ಲಿ ಕಿಮುರಾ ಹಾಕಿದ್ದ ಬೀಗವನ್ನೇ ಹಾಕಿದರು. ನೆಲ ತಟ್ಟಿ ಸೋಲೊಪ್ಪುವುದು ಅಕ್ರಂ ಅವರಿಗೆ ಸಾಧ್ಯವಿರಲಿಲ್ಲ. ತೋಳು ಮುರಿಯಿತು. ತುಂಬಿದ ಕ್ರೀಡಾಂಗಣ ಸ್ತಬ್ಧವಾಯಿತು.

ಇಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಬಹಳ ಮಂದಿ ಗಮನಿಸಿಲ್ಲ. ಇನೋಕಿ ಅವರಿಗೆ ತೋಳಿನ ಬೀಗ ಕಲಿಸಿದ ಉಸ್ತಾದ್ ಯುರೋಪಿನ ಕಾರ್ಲ್ ಗೋಚ್. ಈ ಗೋಚ್ ಇಂಗ್ಲೆಂಡಿನ ವಿಗನ್ ಎಂಬ ಗಣಿ ಊರಿನ ಕುಸ್ತಿ ಶಾಲೆಯಲ್ಲಿ ತಯಾರಾದವರು. ಆದರೆ ದೇಹ ಕಟ್ಟಲು ಅವರು ತಮ್ಮ ಜಪಾನಿ ಶಿಷ್ಯರಿಗೆ ಹೇಳಿಕೊಟ್ಟದ್ದು ನಮ್ಮ ದಂಡ, ಬಸ್ಕಿಗಳನ್ನು, ನಮ್ಮ ಗರಡಿಯ ಗದೆ ತಿರುಗಿಸುವುದನ್ನು. ಇಂದಿಗೂ ಜಪಾನಿನ ಕುಸ್ತಿ ಶಾಲೆಗಳಲ್ಲಿ ಹೊಸ ಹುಡುಗರು ನೂರಾರು ಬಸ್ಕಿ ಹೊಡೆಯುತ್ತಾರೆ. ಅಂದರೆ ಗಾಮಾರ ವಂಶದವನ ತೋಳನ್ನು ಮುರಿದ ದೇಹವೂ ಗಾಮಾರ ಬಸ್ಕಿಯಿಂದಲೇ ತಯಾರಾಗಿತ್ತು. ಅವರು ನಮ್ಮಲ್ಲಿದ್ದ ಒಳ್ಳೆಯದನ್ನು ತೆಗೆದುಕೊಂಡರು, ವಿಗನ್ನಿನದನ್ನು ತೆಗೆದುಕೊಂಡರು, ತಮ್ಮದಕ್ಕೆ ಸೇರಿಸಿಕೊಂಡರು. ನಮ್ಮವರು ಇದ್ದಲ್ಲೇ ನಿಂತರು. ಅಕ್ರಂ ಅವರ ಧೈರ್ಯಕ್ಕೆ ಇದರಿಂದ ಯಾವ ಕುಂದೂ ಬರುವುದಿಲ್ಲ.

ಮುಂದಿನ ಕಥೆ ಇಂದಿನ ಹುಡುಗರಿಗೆ ನನಗಿಂತ ಚೆನ್ನಾಗಿ ಗೊತ್ತು, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಎಂಟು ಮಂದಿಯನ್ನು ಬಲೆಯ ಕಟಾಂಜನದೊಳಗೆ ಬಿಟ್ಟರು. ಬಾಕ್ಸರ್, ಕಿಕ್ ಬಾಕ್ಸರ್, ಸುಮೊ ಪಟು, ಕರಾಟೆಯವರು, ಕುಸ್ತಿಯವರು. ಕಚ್ಚುವುದು, ಕಣ್ಣು ತಿವಿಯುವುದು ಬಿಟ್ಟರೆ ಹೆಚ್ಚು ಕಡಿಮೆ ನಿಯಮವೇ ಇಲ್ಲ. ಬಾಕ್ಸರ್ ಒಂದು ಕೈಗೆ ಮಾತ್ರ ಗ್ಲೌಸ್ ಹಾಕಿಕೊಂಡು ಬಂದಿದ್ದರು! ಗೆದ್ದವರು ಎಂಬತ್ತು ಕಿಲೋ ಆಸುಪಾಸಿನ ತೆಳ್ಳನೆಯ ಯುವಕ, ಎಲಿಯೊ ಗ್ರೇಸಿ ಅವರ ಮಗ ರಾಯ್ಸ್. ಒಬ್ಬರಾದ ಮೇಲೊಬ್ಬರನ್ನು ನೆಲಕ್ಕೆಳೆದು ಸೋಲೊಪ್ಪಿಸಿದರು. ಅಂತಿಮ ಪಂದ್ಯದಲ್ಲಿ ಎದುರಾದ ಜೆರಾರ್ಡ್ ಗೊರ್ಡೊ ಸವಾತ್ ಎಂಬ ಫ್ರೆಂಚ್ ಒದೆತದ ಕಲೆಯ ಜೊತೆಗೆ ಕ್ಯೊಕುಶಿನ್ ಕರಾಟೆಯನ್ನೂ ಬಲ್ಲವರು. ಬೇರೆ ಕರಾಟೆ ಶಾಲೆಗಳಲ್ಲಿ ಪೆಟ್ಟು ತಾಗುವ ಮುನ್ನ ನಿಲ್ಲಿಸುತ್ತಾರೆ. ಕ್ಯೊಕುಶಿನ್‌ನಲ್ಲಿ ನಿಜವಾಗಿಯೇ ಹೊಡೆಯುತ್ತಾರೆ. ಅವರು ಅಂತಿಮದವರೆಗೆ ಬಂದದ್ದು ನನಗಂತೂ ಆಕಸ್ಮಿಕವೆನಿಸುವುದಿಲ್ಲ. ಕರಾಟೆ ಹುಡುಗರು ಬೇಸರಪಟ್ಟುಕೊಳ್ಳಬಾರದು: 2009ರಲ್ಲಿ ಕರಾಟೆ ಹಿನ್ನೆಲೆಯ ಲಿಯೊಟೊ ಮಚಿಡಾ ಅದೇ ಯು.ಎಫ್.ಸಿ. ಪಂದ್ಯಾವಳಿಯ ಚಾಂಪಿಯನ್ ಪಟ್ಟ ಗೆದ್ದರು. ಆದರೆ ಅವರು ಕುಸ್ತಿಯನ್ನೂ ನೆಲದ ಪಟ್ಟುಗಳನ್ನೂ ಕಲಿತಿದ್ದರು.

ಹಾಗಾದರೆ ಗ್ರೇಸಿಗಳ ಕಲೆಯೇ ಕೊನೆಯ ಉತ್ತರವೇ? ಅದೂ ಅಲ್ಲ. ಏಳೇ ವರ್ಷದಲ್ಲಿ ಎಲ್ಲರೂ ಅದನ್ನು ಕಲಿತುಬಿಟ್ಟರು. 2000ದ ಮೇ 1ರಂದು ಟೋಕಿಯೊದಲ್ಲಿ ಜಪಾನಿನ ವೃತ್ತಿ ಕುಸ್ತಿ ಪರಂಪರೆಯಿಂದ ಬಂದ ಕಜುಷಿ ಸಕುರಾಬಾ ಅವರು ರಾಯ್ಸ್ ಅವರನ್ನು ತೊಂಬತ್ತು ನಿಮಿಷ ಆಡಿಸಿದರು. ಗ್ರೇಸಿ ಕಡೆಯವರೇ ಟವೆಲ್ ಎಸೆದರು. ಇತ್ತ ಚೀನಾದಲ್ಲಿ 2017ರಲ್ಲಿ ಶು ಶಿಯಾವ್‌ದೊಂಗ್ ಎಂಬ ಮಿಶ್ರ ಕಲೆಯ ಪಟು, ತಾಯ್‌ಚಿ ಗುರು ಎನ್ನಿಸಿಕೊಂಡಿದ್ದ ವೇ ಲೇ ಅವರನ್ನು ಅರ್ಧ ನಿಮಿಷವೂ ಆಗುವ ಮುನ್ನ ಕೆಡವಿದರು. ಗಾಳಿಯಲ್ಲಿ ಕಲಿತದ್ದು ಗಾಳಿಯಲ್ಲೇ ಹೋಯಿತು. ದಾಗೆಸ್ತಾನದ ಖಬೀಬ್ ನುರ್ಮಗೊಮೆದೊವ್ ಅವರ ಚಿತ್ರ ನಮ್ಮ ಹುಡುಗರ ಮೊಬೈಲಿನಲ್ಲಿ ಇರುತ್ತದೆ. ಇಪ್ಪತ್ತೊಂಬತ್ತು ಪಂದ್ಯ, ಇಪ್ಪತ್ತೊಂಬತ್ತು ಗೆಲುವು. ತರಬೇತುದಾರರೂ ಆಗಿದ್ದ ತಂದೆ ತೀರಿಕೊಂಡ ವರ್ಷವೇ, 2020ರಲ್ಲಿ, ನಿವೃತ್ತಿ. ಅವರ ಎದುರಾಳಿಗಳಿಗೆಲ್ಲ ಅವರು ಏನು ಮಾಡುತ್ತಾರೆಂದು ಮೊದಲೇ ಗೊತ್ತಿತ್ತು: ಕಾಲು ಅಥವಾ ಸೊಂಟ ಹಿಡಿಯುತ್ತಾರೆ, ಕೆಡವುತ್ತಾರೆ, ಏಳಲು ಬಿಡುವುದಿಲ್ಲ. ಗೊತ್ತಿದ್ದೂ ತಡೆಯಲಾಗಲಿಲ್ಲ. ಆ ಗುಡ್ಡಗಾಡಿನಲ್ಲಿ ಹುಡುಗರು ಎಳವೆಯಿಂದಲೇ ದಿನವೂ ಕುಸ್ತಿ ಹಿಡಿದು ಬೆಳೆಯುತ್ತಾರೆ. ಗಾಮಾರ ನಲವತ್ತು ಜೊತೆಗಾರರ ತಾಲೀಮಿಗೂ ಇದಕ್ಕೂ ಎಷ್ಟು ಅಂತರ?

ಇಷ್ಟೆಲ್ಲ ಹೇಳಿದ ಮೇಲೂ ಊಟದ ಹಾಲಿನ ಆ ಹಳ್ಳಿ ಹುಡುಗನ ಮಾತು ಉಳಿದೇ ಇದೆ. ಜಗಳದಲ್ಲಿ ಎಂಥಾ ರೂಲ್ಸು? ಡೆನ್ವರಿನಲ್ಲೂ ಒಬ್ಬನಿಗೆ ಒಬ್ಬನೇ ಎದುರಾಳಿ, ಕೈಯಲ್ಲಿ ಆಯುಧವಿಲ್ಲ, ಅಡಿಯಲ್ಲಿ ಮೆತ್ತನೆಯ ನೆಲ, ಪಕ್ಕದಲ್ಲಿ ವೈದ್ಯರು. ಬೀದಿಯಲ್ಲಿ ಇವು ಯಾವುವೂ ಇರುವುದಿಲ್ಲ. ಒಬ್ಬನನ್ನು ನೆಲಕ್ಕೆ ಕೆಡವಿ ಬೀಗ ಹಾಕುವಷ್ಟರಲ್ಲಿ ಅವನ ಗೆಳೆಯ ಹಿಂದಿನಿಂದ ಕಲ್ಲು ಎತ್ತಿರುತ್ತಾನೆ. ಅಲ್ಲಿ ಗ್ರೇಸಿಯೂ ಇಲ್ಲ, ಗಾಮಾನೂ ಇಲ್ಲ. ಚಾಕು ಹೊರಬಂತೆಂದರೆ ಓಡುವವನೇ ಪೈಲ್ವಾನ. ಇದನ್ನು ಇಬ್ಬರು ಹುಡುಗರಿಗೂ ಹೇಳಿದೆ. ಕರಾಟೆ ಹುಡುಗ ಈಗ ವಾರಕ್ಕೆರಡು ದಿನ ಇನ್ನೊಬ್ಬನಿಂದ ಕಾಲು ಬಿಡಿಸಿಕೊಳ್ಳುವುದನ್ನು ಕಲಿಯುತ್ತಿದ್ದಾನೆ. ಆಟದ ಮೈದಾನದಲ್ಲಿ, ನನ್ನ ಕಣ್ಣೆದುರಿಗೆ!

ಕರಾಚಿಯ ಕಥೆಗೆ ಒಂದು ಬಾಲ ಉಳಿದಿದೆ. ಅಕ್ರಂ ಅವರ ತೋಳು ಮುರಿದ ಮೂರನೆಯ ವರ್ಷ, 1979ರಲ್ಲಿ, ಅದೇ ಮನೆತನದ ಜುಬೇರ್ ಅಲಿಯಾಸ್ ಝಾರಾ, ಅಸ್ಲಂ ಅವರ ಮಗ, ಲಾಹೋರಿನಲ್ಲಿ ಇನೋಕಿ ಎದುರು ನಿಂತ. ಇನ್ನೂ ಇಪ್ಪತ್ತು ತುಂಬದ ಹುಡುಗ. ಐದು ಸುತ್ತು ಮುಗಿದಾಗ ಯಾರೂ ಸೋತಿರಲಿಲ್ಲ. ಇನೋಕಿ ತಾವೇ ಮುಂದೆ ಬಂದು ಆ ಹುಡುಗನ ಕೈಯನ್ನು ಮೇಲೆತ್ತಿ ಹಿಡಿದರು. ಝಾರಾ 1991ರಲ್ಲಿ ಮೂವತ್ತರ ಆಸುಪಾಸಿನಲ್ಲೇ ತೀರಿಕೊಂಡರು. ಇನೋಕಿ ಆ ಮನೆತನವನ್ನು ಮರೆಯಲಿಲ್ಲ. 2012ರಲ್ಲಿ ಮತ್ತೆ ಪಾಕಿಸ್ತಾನಕ್ಕೆ ಬಂದರು. 2014ರಲ್ಲಿ ಝಾರಾ ಅವರ ಸಹೋದರನ ಮಗ ಹಾರೂನ್‌ನನ್ನು ತಮ್ಮ ಖರ್ಚಿನಲ್ಲಿ ಜಪಾನಿಗೆ ಕರೆದುಕೊಂಡು ಹೋದರು, ಶಾಲೆಗೂ ಕುಸ್ತಿಗೂ.